ಮುರಿದ ಮೂಳೆ ಕೂಡಿದರೆ ಸಾಲದು



ತಾಯಿಯವರ ನೆನಪಿನಲ್ಲಿ ಒಂದು ಕುಟುಂಬ ಇಟ್ಟಿರುವ ಈ ದತ್ತಿಯ ಉಪನ್ಯಾಸ ಹೆಂಗಸರ ಆರೋಗ್ಯವನ್ನು ಕುರಿತದ್ದಾಗಿರಬೇಕು, ಕನ್ನಡದಲ್ಲಿಯೇ ಇರಬೇಕು ಎಂದು ಕರಾರಿನಲ್ಲಿದೆ. ಎರಡಕ್ಕೂ ಸಂತೋಷದಿಂದ ಒಪ್ಪಿ ಬಂದಿದ್ದೇನೆ. ನಾನು ಆರಿಸಿಕೊಂಡ ವಿಷಯ, ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಸವೆಯುವುದನ್ನು ತಗ್ಗಿಸುವ ಚಿಕಿತ್ಸೆಗಳು. ಈ ಚಿಕಿತ್ಸೆಗಳು ಇವೆ, ಸಾವಿರಾರು ಹೆಂಗಸರ ಮೇಲೆ ಪರೀಕ್ಷೆಗೊಳಗಾಗಿ ಗೆದ್ದಿವೆ, ಕೆಲವಂತೂ ಕೈಗೆಟಕುವ ಬೆಲೆಯಲ್ಲೇ ಸಿಗುತ್ತವೆ. ಹಾಗಿದ್ದೂ ಬೇಕಾದವರಿಗೆ ತಲುಪುತ್ತಿಲ್ಲ. ನನ್ನ ಸಂಕಟ ಅದು.

ನಮ್ಮ ಆಸ್ಪತ್ರೆಗಳಲ್ಲಿ ದಿನನಿತ್ಯ ನಡೆಯುವುದನ್ನು ನೋಡಿ. ಐವತ್ತೆಂಟು ವರ್ಷದ ಹೆಂಗಸೊಬ್ಬರು ಅಂಗಳದಲ್ಲಿ ಜಾರಿ, ಕೈ ಊರಿ ಬೀಳುತ್ತಾರೆ. ಮಣಿಕಟ್ಟು ಮುರಿಯುತ್ತದೆ. ಎಕ್ಸ್‌ರೇ ತೆಗೆದು ಪ್ಲಾಸ್ಟರ್ ಹಾಕುತ್ತಾರೆ, ಆರು ವಾರಕ್ಕೆ ಬಿಚ್ಚುತ್ತಾರೆ, ಒಂದು ತಿಂಗಳಿಗೆ ಕ್ಯಾಲ್ಸಿಯಂ ಮಾತ್ರೆ ಬರೆದು ಕಳಿಸುತ್ತಾರೆ. ಮೂಳೆ ಚೆನ್ನಾಗಿ ಕೂಡಿದೆ ಎಂದು ಮನೆಯವರಿಗೆ ಸಮಾಧಾನ. ಅಷ್ಟು ಸಣ್ಣ ಪೆಟ್ಟಿಗೆ ಮೂಳೆ ಮುರಿದದ್ದೇಕೆ ಎಂದು ಯಾರೂ ಕೇಳುವುದಿಲ್ಲ. ಕೆಲವು ವರ್ಷಗಳ ಮೇಲೆ ಬೆನ್ನು ಬಾಗುತ್ತದೆ, ಸೀರೆಯ ನೆರಿಗೆ ನೆಲಕ್ಕೆ ತಾಗುವಷ್ಟು ಎತ್ತರ ಕುಗ್ಗುತ್ತದೆ. ಆಮೇಲೊಂದು ದಿನ ಬಚ್ಚಲಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುತ್ತಾರೆ. ಸೊಂಟ ಮುರಿದ ವೃದ್ಧರಲ್ಲಿ ಐವರಲ್ಲಿ ಒಬ್ಬರು, ಕೆಲವು ಕಡೆ ಅದಕ್ಕಿಂತ ಹೆಚ್ಚು ಮಂದಿ, ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಾರೆ. ಉಳಿದವರಲ್ಲಿ ಅನೇಕರು ಮತ್ತೆ ಯಾರ ಆಸರೆಯೂ ಇಲ್ಲದೆ ನಡೆಯುವುದಿಲ್ಲ. ಮಣಿಕಟ್ಟಿನ ಮುರಿತಕ್ಕೂ ಸೊಂಟದ ಮುರಿತಕ್ಕೂ ನಡುವೆ ನಮಗೆ ಸಿಕ್ಕಿದ್ದ ವರ್ಷಗಳನ್ನು ಏನು ಮಾಡಿದೆವು?

ಸವೆತ ಹೇಗೆ ಆಗುತ್ತದೆ ಎಂಬುದನ್ನು ಮೊದಲು ಸ್ವಲ್ಪ ಹೇಳುತ್ತೇನೆ. ನಮ್ಮ ಮೂಳೆ ಬದುಕಿರುವ ಅಂಗ. ಅದರಲ್ಲಿ ಹಳೆಯ ಭಾಗವನ್ನು ಕರಗಿಸುವ ಜೀವಕೋಶಗಳಿವೆ, ಅವು ಆಸ್ಟಿಯೋಕ್ಲಾಸ್ಟ್‌ಗಳು. ಕರಗಿದ ಜಾಗದಲ್ಲಿ ಹೊಸದನ್ನು ಕಟ್ಟುವವು ಆಸ್ಟಿಯೋಬ್ಲಾಸ್ಟ್‌ಗಳು. ಅಂಡಾಶಯದಿಂದ ಬರುವ ಈಸ್ಟ್ರೋಜನ್ ಹಾರ್ಮೋನು ಕರಗಿಸುವ ಕೋಶಗಳನ್ನು ಹತೋಟಿಯಲ್ಲಿಡುತ್ತದೆ. ಮುಟ್ಟು ನಿಲ್ಲುವ ಕಾಲಕ್ಕೆ ಆ ಹತೋಟಿ ತಪ್ಪಿ, ಕಟ್ಟುವುದಕ್ಕಿಂತ ಕರಗುವುದೇ ಹೆಚ್ಚಾಗುತ್ತದೆ. ಮೊದಲ ಐದರಿಂದ ಏಳು ವರ್ಷಗಳಲ್ಲಿ ಕೆಲವರ ಮೂಳೆಯ ಸಾಂದ್ರತೆ ಶೇ. 20ರವರೆಗೂ ಇಳಿಯಬಹುದು. ಇಷ್ಟಾದರೂ ನೋವಿರುವುದಿಲ್ಲ. ಮಂಡಿ ನೋವು ಬಂದವರು ‘ನನಗೆ ಮೂಳೆ ಸವೆದಿದೆ’ ಎನ್ನುತ್ತಾರೆ. ಅದು ಕೀಲಿನ ತೊಂದರೆ, ಬೇರೆಯೇ ಕಾಯಿಲೆ. ನಾನು ಹೇಳುತ್ತಿರುವ ಆಸ್ಟಿಯೊಪೊರೋಸಿಸ್ ಮೂಳೆ ಮುರಿಯುವವರೆಗೂ ಸದ್ದು ಮಾಡದ ಕಾಯಿಲೆ.

ನಮ್ಮ ದೇಶದ ಹೆಂಗಸರಿಗೆ ಮುಟ್ಟು ನಿಲ್ಲುವುದು ಸರಾಸರಿ 46–47ನೇ ವಯಸ್ಸಿಗೆ. ಯುರೋಪು, ಅಮೆರಿಕಗಳಲ್ಲಿ ಅದು 51ರ ಆಸುಪಾಸು. ಅಂದರೆ ಈಸ್ಟ್ರೋಜನ್ ಇಲ್ಲದೆ ಮೂಳೆ ಕಳೆಯಬೇಕಾದ ಕಾಲ ನಮ್ಮವರಿಗೆ ನಾಲ್ಕೈದು ವರ್ಷ ಮೊದಲೇ ಶುರುವಾಗುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆದರೆ ಅದು ರಾತ್ರೋರಾತ್ರಿ ಶುರುವಾಗುತ್ತದೆ. 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳಲ್ಲಿ ಚಿಕ್ಕ ವಯಸ್ಸಿನ ಹೆಂಗಸರ ಗರ್ಭಕೋಶಗಳನ್ನು ಅಗತ್ಯವಿಲ್ಲದೆ ತೆಗೆಯಲಾಗಿದೆ ಎಂಬ ದೂರುಗಳು ಹೊರಬಂದು ತನಿಖೆಗಳು ನಡೆದದ್ದು ನಿಮಗೆ ನೆನಪಿರಬಹುದು. ಅಂದು ಚರ್ಚೆಯಾದದ್ದು ಹಣ ಮತ್ತು ಮೋಸದ ವಿಚಾರ. ಮೂವತ್ತೈದರಲ್ಲಿ ಗರ್ಭಕೋಶದ ಜೊತೆ ಅಂಡಾಶಯವನ್ನೂ ಕಳೆದುಕೊಂಡ ಹೆಣ್ಣಿನ ಮೂಳೆ ಐವತ್ತರ ಹೊತ್ತಿಗೆ ಏನಾಗಿರುತ್ತದೆ ಎಂದು ಹೆಚ್ಚು ಜನ ಕೇಳಲಿಲ್ಲ. ಆ ಹೆಂಗಸರು ಈಗಲೂ ಬಿಸಿಲಲ್ಲಿ ಕಬ್ಬು ಕಡಿಯುತ್ತಿದ್ದಾರೆ, ಕಲ್ಲು ಹೊರುತ್ತಿದ್ದಾರೆ. ಅವರ ಮೂಳೆಯ ಲೆಕ್ಕ ನಮ್ಮ ಆರೋಗ್ಯ ವ್ಯವಸ್ಥೆಯ ಮೇಲಿರುವ ಋಣ.

ಈಸ್ಟ್ರೋಜನ್ನಿಗೂ ಮೂಳೆಗೂ ಇರುವ ಈ ನಂಟನ್ನು ಮೊದಲು ಗುರುತಿಸಿದವರು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಫುಲ್ಲರ್ ಆಲ್‌ಬ್ರೈಟ್. ಬೆನ್ನುಮೂಳೆ ಕುಸಿದು ಬಂದವರಲ್ಲಿ ಬಹುಪಾಲು ಮುಟ್ಟು ನಿಂತ ಹೆಂಗಸರೇ ಇದ್ದಾರಲ್ಲ ಎಂಬುದು ಅವರ ಕಣ್ಣಿಗೆ ಬಿತ್ತು. 1940–41ರಲ್ಲಿ ಅವರು ಬರೆದ ಲೇಖನಗಳಿಂದ ಈ ಕಾಯಿಲೆಗೆ ಒಂದು ಕಾರಣ ಸಿಕ್ಕಿತು. ಚಿಕಿತ್ಸೆಯ ಹುಡುಕಾಟವೂ ಅಲ್ಲಿಂದಲೇ ಆರಂಭವಾಯಿತು.

ಆ ಹುಡುಕಾಟದಲ್ಲಿ ನಾನು ಅತ್ಯಂತ ಮುಖ್ಯವೆಂದು ಎಣಿಸುವುದು ಸೋತ ಒಂದು ಔಷಧದ ಕಥೆ. ಅದು ನಮ್ಮ ನೆಲಕ್ಕೂ ಸಂಬಂಧಪಟ್ಟದ್ದು. ಫ್ಲೋರೈಡ್! ಪಾವಗಡ, ಬಾಗೇಪಲ್ಲಿ, ಮುಂಡರಗಿಯ ಕಡೆಯವರಿಗೆ ಈ ಹೆಸರು ಹೇಳಿಕೊಡಬೇಕಾಗಿಲ್ಲ. ಕೊಳವೆಬಾವಿಯ ನೀರಿನಲ್ಲಿ ಅದು ಹೆಚ್ಚಾದರೆ ಹಲ್ಲು ಕಂದುತ್ತದೆ, ಬೆನ್ನು ಸೆಟೆಯುತ್ತದೆ, ಕೀಲು ಬಿಗಿಯುತ್ತದೆ. ಇದನ್ನು ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಸೀಮೆಯಲ್ಲಿ ಕಂಡು ವೈದ್ಯರು 1937ರಲ್ಲೇ ವರದಿ ಮಾಡಿದ್ದರು. ಅಂಥ ರೋಗಿಗಳ ಎಕ್ಸ್‌ರೇಯಲ್ಲಿ ಮೂಳೆ ಸುಣ್ಣ ಬಳಿದಷ್ಟು ಬೆಳ್ಳಗೆ, ದಟ್ಟವಾಗಿ ಕಾಣುತ್ತದೆ. ಫ್ಲೋರೈಡಿಗೆ ಮೂಳೆಯನ್ನು ದಟ್ಟವಾಗಿಸುವ ಗುಣವಿದೆಯಾದರೆ ಅದನ್ನೇ ಟೊಳ್ಳು ಮೂಳೆಗೆ ಔಷಧವಾಗಿ ಕೊಡಬಾರದೇಕೆ ಎಂದು ವಿಜ್ಞಾನಿಗಳು ಯೋಚಿಸಿದರು, ಹಲವು ದೇಶಗಳಲ್ಲಿ ಕೊಟ್ಟೂ ಕೊಟ್ಟರು. ಅಮೆರಿಕದ ಮೇಯೋ ಕ್ಲಿನಿಕ್ಕಿನ ಲಾರೆನ್ಸ್ ರಿಗ್ಸ್ ಮತ್ತು ಸಂಗಡಿಗರು ಮುಟ್ಟು ನಿಂತ 202 ಹೆಂಗಸರ ಮೇಲೆ ನಾಲ್ಕು ವರ್ಷ ಇದರ ಪರೀಕ್ಷೆ ನಡೆಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೆನ್ನುಮೂಳೆಯ ಸಾಂದ್ರತೆ ಶೇ. 35ರಷ್ಟು ಏರಿತ್ತು. ಇಷ್ಟು ಏರಿಕೆಯನ್ನು ಯಾವ ಔಷಧವೂ ಅಲ್ಲಿಯವರೆಗೆ ತೋರಿಸಿರಲಿಲ್ಲ. ಆದರೆ ಬೆನ್ನುಮೂಳೆಯ ಮುರಿತ ಗಮನಾರ್ಹವಾಗಿ ಕಡಿಮೆಯಾಗಿರಲಿಲ್ಲ. ಕೈಕಾಲು, ಸೊಂಟ ಮುಂತಾದ ಬೇರೆ ಮೂಳೆಗಳ ಮುರಿತವೋ ಹೆಚ್ಚಿತ್ತು. ಬರಿಯ ಕ್ಯಾಲ್ಸಿಯಂ ತೆಗೆದುಕೊಂಡವರಲ್ಲಿ ಅಂಥವು 24, ಫ್ಲೋರೈಡ್ ತೆಗೆದುಕೊಂಡವರಲ್ಲಿ 72.

ಯಂತ್ರ ತೋರಿಸುವ ಅಂಕಿ ಏರಿತು, ಮೂಳೆ ಮುರಿಯಿತು. ಆ ದಿನದಿಂದ ಮೂಳೆಯ ಔಷಧಗಳಿಗೆ ಕೇಳುವ ಪ್ರಶ್ನೆ ಬದಲಾಯಿತು. ಸಾಂದ್ರತೆ ಎಷ್ಟು ಏರಿತು ಎಂದು ಕೇಳಿದರೆ ಸಾಲದು, ಎಷ್ಟು ಮುರಿತ ತಪ್ಪಿತು ಎಂದು ಕೇಳಬೇಕು. ಇನ್ನು ಮುಂದೆ ನಾನು ಹೇಳುವ ಪ್ರತಿಯೊಂದು ಚಿಕಿತ್ಸೆಗೂ ಇದೇ ಒರೆಗಲ್ಲು.

ಮೊದಲು ಕ್ಯಾಲ್ಸಿಯಂ. ದಿನಕ್ಕೆ 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಈ ವಯಸ್ಸಿನ ಹೆಂಗಸರಿಗೆ ಬೇಕು. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಒಂದು ಲೋಟ ಹಾಲಿನಲ್ಲಿ ಇನ್ನೂರು ಚಿಲ್ಲರೆ. ನುಗ್ಗೆಸೊಪ್ಪು, ದಂಟಿನ ಸೊಪ್ಪು, ಎಳ್ಳು ಇವೆಲ್ಲ ಒಳ್ಳೆಯ ಮೂಲಗಳೇ. ಮುದ್ದೆ, ಸೊಪ್ಪಿನ ಸಾರು, ಒಂದು ಲೋಟ ಮಜ್ಜಿಗೆ ಉಣ್ಣುವ ಮನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಊಟದಲ್ಲೇ ಬರುತ್ತದೆ. ಕಡಿಮೆ ಬಿದ್ದಷ್ಟಕ್ಕೆ ಮಾತ್ರೆ. ಇದರ ಜೊತೆಗೆ ಬೇಳೆಯೋ ಮೊಟ್ಟೆಯೋ ಮೀನೋ, ಪ್ರೋಟೀನ್ ಬೇಕು. ಎಲ್ಲರಿಗೂ ಬಡಿಸಿ ಕೊನೆಗೆ ಅನ್ನ ತಿಳಿಸಾರಿನಲ್ಲಿ ಊಟ ಮುಗಿಸುವ ತಾಯಂದಿರಿಗೆ ಇದನ್ನು ಒತ್ತಿ ಹೇಳುತ್ತೇನೆ.

ವಿಟಮಿನ್ ಡಿ ಬಗ್ಗೆ ಎರಡು ಪರೀಕ್ಷೆಗಳನ್ನು ಒಟ್ಟಿಗಿಟ್ಟು ನೋಡಬೇಕು. 1992ರಲ್ಲಿ ಫ್ರಾನ್ಸಿನಲ್ಲಿ ವೃದ್ಧಾಶ್ರಮಗಳಲ್ಲಿದ್ದ 3,270 ಅಜ್ಜಿಯರಿಗೆ, ಸರಾಸರಿ ವಯಸ್ಸು 84, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕೊಟ್ಟಾಗ ಸೊಂಟದ ಮುರಿತ ಗಣನೀಯವಾಗಿ ಇಳಿಯಿತು. ಅಮೆರಿಕದ 25,871 ಜನರ ಮೇಲೆ ನಡೆದು, ಮುರಿತದ ಫಲಿತಾಂಶ 2022ರಲ್ಲಿ ಹೊರಬಂದ ವೈಟಲ್ ಎಂಬ ಪರೀಕ್ಷೆಯಲ್ಲಿ ವಿಟಮಿನ್ ಡಿಯಿಂದ ಒಂದು ಮುರಿತವೂ ತಪ್ಪಿದಂತೆ ಕಾಣಲಿಲ್ಲ. ಎರಡೂ ನಿಜ. ಬಿಸಿಲು ಕಾಣದ, ಕೊರತೆಯಿರುವ ಅಜ್ಜಿಗೆ ಕೊಟ್ಟರೆ ಕೊರತೆ ತುಂಬುತ್ತದೆ. ಸಾಕಷ್ಟು ಇರುವವರಿಗೆ ಇನ್ನಷ್ಟು ಸುರಿದರೆ ಲಾಭವಿಲ್ಲ. ನಮ್ಮಲ್ಲಿ ಇಷ್ಟು ಬಿಸಿಲಿದ್ದೂ ಕೊರತೆ ವ್ಯಾಪಕ, ಆದ್ದರಿಂದ ತುಂಬಿಸಬೇಕು. ಆದರೆ ಈಗಾಗಲೇ ಆಸ್ಟಿಯೊಪೊರೋಸಿಸ್ ಆಗಿರುವ, ಮೂಳೆ ಮುರಿದಿರುವ ಹೆಂಗಸಿಗೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಅಡಿಪಾಯ ಮಾತ್ರ. ಅಷ್ಟನ್ನೇ ಬರೆದುಕೊಟ್ಟು ಚಿಕಿತ್ಸೆ ಕೊಟ್ಟೆವು ಎಂದುಕೊಂಡರೆ ತಪ್ಪು. ಇದನ್ನು ನನ್ನ ವೃತ್ತಿಬಾಂಧವರಿಗೇ ವಿನಯದಿಂದ ಹೇಳುತ್ತಿದ್ದೇನೆ.

ಈಸ್ಟ್ರೋಜನ್ ಕಡಿಮೆಯಾದದ್ದೇ ಕಾರಣವಾದರೆ ಅದನ್ನೇ ಕೊಡಬಹುದಲ್ಲ? ದಶಕಗಳ ಕಾಲ ಕೊಟ್ಟರು. 2002ರಲ್ಲಿ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಎಂಬ ದೊಡ್ಡ ಅಧ್ಯಯನದಲ್ಲಿ 16,608 ಹೆಂಗಸರ ಮೇಲೆ ನಡೆಯುತ್ತಿದ್ದ ಹಾರ್ಮೋನು ಪರೀಕ್ಷೆಯನ್ನು ಅವಧಿಗೆ ಮೊದಲೇ ನಿಲ್ಲಿಸಲಾಯಿತು. ಹತ್ತು ಸಾವಿರ ಹೆಂಗಸರು ಒಂದು ವರ್ಷ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ತೆಗೆದುಕೊಂಡರೆ ಸೊಂಟದ ಮುರಿತ ಐದು ಕಡಿಮೆ, ಸ್ತನ ಕ್ಯಾನ್ಸರ್ ಎಂಟು ಹೆಚ್ಚು, ಪಾರ್ಶ್ವವಾಯು ಎಂಟು ಹೆಚ್ಚು ಎಂದು ಲೆಕ್ಕ ಸಿಕ್ಕಿತು. ಸುದ್ದಿ ಹಬ್ಬಿದ ಮೇಲೆ ಲಕ್ಷಾಂತರ ಹೆಂಗಸರು ಹಾರ್ಮೋನು ಬಿಟ್ಟರು. ಆದರೆ ಆ ಪರೀಕ್ಷೆಯಲ್ಲಿದ್ದವರ ಸರಾಸರಿ ವಯಸ್ಸು 63 ಎಂಬುದು ಸುದ್ದಿಯ ಗದ್ದಲದಲ್ಲಿ ಮುಳುಗಿಹೋಯಿತು. ಮುಟ್ಟು ನಿಂತು ಹತ್ತು ವರ್ಷ ಆಗದ, ಅರವತ್ತು ದಾಟದ ಹೆಂಗಸರಲ್ಲಿ ಲಾಭ–ನಷ್ಟದ ತೂಕ ಬೇರೆಯೇ ಇದೆ ಎಂದು ನಂತರದ ವಿಶ್ಲೇಷಣೆಗಳು ತೋರಿಸಿವೆ. ಮೈ ಬಿಸಿಯೇರಿ ಬೆವರುವ, ನಿದ್ದೆಗೆಡುವ ಐವತ್ತರ ಹೆಂಗಸಿಗೆ, ಸ್ತನ ಕ್ಯಾನ್ಸರ್ ಅಥವಾ ರಕ್ತ ಹೆಪ್ಪುಗಟ್ಟಿದ ಚರಿತ್ರೆ ಇಲ್ಲದಿದ್ದರೆ, ಹಾರ್ಮೋನು ಮೂಳೆಯನ್ನೂ ಕಾಯುತ್ತದೆ. ಇನ್ನು ನಲವತ್ತಕ್ಕೆ ಮೊದಲೇ ಮುಟ್ಟು ನಿಂತವರಿಗೆ, ಅಂಡಾಶಯ ತೆಗೆಸಿಕೊಂಡವರಿಗೆ, ತಡೆಯಿಲ್ಲದಿದ್ದರೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನು ಕೊಡಬೇಕು. ಭಯದಿಂದ ಅವರಿಗೂ ಕೊಡದೆ ಬಿಟ್ಟಿದ್ದೇವೆ. ಆ ಭಯಕ್ಕೆ ಬೆಲೆ ತೆತ್ತವರು ಅವರೇ.

ಈಗ ಬಿಸ್‌ಫಾಸ್ಫೊನೇಟ್‌ಗಳು. ಇವುಗಳ ಹುಟ್ಟು ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ. ಹರ್ಬರ್ಟ್ ಫ್ಲೈಶ್ ಎಂಬ ವೈದ್ಯರು 1960ರ ದಶಕದಲ್ಲಿ, ದೇಹದ ದ್ರವಗಳಲ್ಲಿ ಇಷ್ಟು ಕ್ಯಾಲ್ಸಿಯಂ ಇದ್ದೂ ಅದು ಎಲ್ಲೆಂದರಲ್ಲಿ ಕಲ್ಲಾಗಿ ಕೂರುವುದಿಲ್ಲವೇಕೆ ಎಂದು ಹುಡುಕುತ್ತಿದ್ದರು. ಪೈರೋಫಾಸ್ಫೇಟ್ ಎಂಬ ವಸ್ತು ಅದನ್ನು ತಡೆಯುತ್ತದೆ ಎಂದು ಕಂಡರು. ಅದೇ ಜಾತಿಯ ಲವಣಗಳನ್ನು ನೀರಿನ ಕೊಳವೆಗಳಲ್ಲಿ ಗಡಸು ಕಟ್ಟದಂತೆ ಬಳಸುತ್ತಿದ್ದರು. ಬಾಯಿಯಿಂದ ಕೊಟ್ಟರೆ ಪೈರೋಫಾಸ್ಫೇಟ್ ಹೊಟ್ಟೆಯಲ್ಲೇ ಒಡೆದುಹೋಗುತ್ತಿತ್ತು. ಆದ್ದರಿಂದ ಅದರ ಅಣುವಿನ ನಡುವಿನ ಆಮ್ಲಜನಕದ ಜಾಗದಲ್ಲಿ ಇಂಗಾಲವಿರುವ ವಸ್ತುಗಳನ್ನು ಆರಿಸಿಕೊಂಡರು. ಆ ವಸ್ತುಗಳು ಮೂಳೆಗೆ ಅಂಟಿಕೊಂಡು, ಕರಗಿಸುವ ಕೋಶಗಳ ಬಲವನ್ನು ಕುಗ್ಗಿಸಿದವು. 1995ರಲ್ಲಿ ಅಮೆರಿಕದಲ್ಲಿ ಮಂಜೂರಾದ ಅಲೆಂಡ್ರೊನೇಟ್ ಈ ವಂಶದ್ದು. ಈಗಾಗಲೇ ಬೆನ್ನುಮೂಳೆ ಮುರಿದಿದ್ದ 2,027 ಹೆಂಗಸರ ಮೇಲಿನ ಪರೀಕ್ಷೆ 1996ರಲ್ಲಿ ಹೊರಬಂತು. ಮೂರು ವರ್ಷದಲ್ಲಿ ಬೆನ್ನುಮೂಳೆಯ ಹೊಸ ಮುರಿತ ನೂರಕ್ಕೆ 15ರಿಂದ 8ಕ್ಕೆ ಇಳಿದಿತ್ತು. ಸೊಂಟದ ಮುರಿತ ಅರ್ಧಕ್ಕರ್ಧ ಕಡಿಮೆ. ಒರೆಗಲ್ಲಿನ ಮೇಲೆ ಇದು ಚಿನ್ನ.

ಈ ಮಾತ್ರೆ ವಾರಕ್ಕೆ ಒಂದು. ತೆಗೆದುಕೊಳ್ಳುವ ಕ್ರಮ ಮಾತ್ರ ಕಟ್ಟುನಿಟ್ಟು. ಬೆಳಿಗ್ಗೆ ಎದ್ದು ಹಸಿದ ಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ಬರಿಯ ನೀರಿನೊಂದಿಗೆ ನುಂಗಬೇಕು. ಅರ್ಧ ಗಂಟೆ ಮಲಗಬಾರದು, ಏನನ್ನೂ ತಿನ್ನಬಾರದು, ಕಾಫಿ ಕುಡಿಯಬಾರದು. ಕಾಫಿಯ ಜೊತೆಯಲ್ಲೋ ಹಾಲಿನ ಜೊತೆಯಲ್ಲೋ ಕ್ಯಾಲ್ಸಿಯಂ ಮಾತ್ರೆಯ ಜೊತೆಯಲ್ಲೋ ನುಂಗಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ನುಂಗಿದ ಕೂಡಲೇ ಮಲಗಿದರೆ ಅನ್ನನಾಳ ಸುಟ್ಟು ಹುಣ್ಣಾಗಬಹುದು. ಚೀಟಿಯಲ್ಲಿ ‘ವಾರಕ್ಕೊಂದು’ ಎಂದಷ್ಟೇ ಬರೆದು ಕಳಿಸಿದರೆ ಎರಡು ತಿಂಗಳಲ್ಲಿ ಎದೆಯುರಿಯೆಂದು ಬಿಟ್ಟುಬಿಡುತ್ತಾರೆ. ಇಲ್ಲಿರುವ ನರ್ಸಿಂಗ್ ವಿದ್ಯಾರ್ಥಿನಿಯರೇ, ಇದನ್ನು ಕೂತು ವಿವರಿಸುವ ಐದು ನಿಮಿಷ ನಿಮ್ಮ ಕೈಯಲ್ಲಿದೆ. ಔಷಧದ ಅರ್ಧ ಶಕ್ತಿ ಆ ಐದು ನಿಮಿಷದಲ್ಲಿದೆ ಎಂದೇ ನನ್ನ ನಂಬಿಕೆ.

ಮಾತ್ರೆ ಒಗ್ಗದವರಿಗೆ ಇದೇ ವಂಶದ ಜೊಲೆಡ್ರಾನಿಕ್ ಆಮ್ಲವಿದೆ. ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವುದು. 2007ರ ಹೊರೈಜನ್ ಪರೀಕ್ಷೆಯಲ್ಲಿ ಮೂರು ವರ್ಷಕ್ಕೆ ಬೆನ್ನುಮೂಳೆಯ ಮುರಿತ ಶೇ. 70ರಷ್ಟು, ಸೊಂಟದ ಮುರಿತ ಶೇ. 41ರಷ್ಟು ತಗ್ಗಿತು. ಸೊಂಟ ಮುರಿದು ಶಸ್ತ್ರಚಿಕಿತ್ಸೆಯಾದ ಮೂರು ತಿಂಗಳೊಳಗೆ ಕೊಟ್ಟ ಮತ್ತೊಂದು ಪರೀಕ್ಷೆಯಲ್ಲಿ ಸಾವಿನ ಪ್ರಮಾಣವೇ ಶೇ. 28ರಷ್ಟು ಇಳಿಯಿತು. ಮೊದಲ ಸಲ ಕೊಟ್ಟಾಗ ಎರಡು ಮೂರು ದಿನ ಜ್ವರ, ಮೈಕೈ ನೋವು ಬರಬಹುದು. ಮೂತ್ರಪಿಂಡ ದುರ್ಬಲವಾಗಿದ್ದರೆ ಕೊಡುವಂತಿಲ್ಲ, ವಿಟಮಿನ್ ಡಿ ಕೊರತೆಯನ್ನು ಮೊದಲು ಸರಿಪಡಿಸಿರಬೇಕು. 2025ರಲ್ಲಿ ನ್ಯೂಜಿಲೆಂಡಿನಿಂದ ಇನ್ನೊಂದು ಸುದ್ದಿ ಬಂತು. ಐವತ್ತರಿಂದ ಅರವತ್ತರ ವಯಸ್ಸಿನ ಹೆಂಗಸರಲ್ಲಿ ಕೆಲವರಿಗೆ ಒಂದೇ ಸಲ, ಕೆಲವರಿಗೆ ಎರಡು ಸಲ ಈ ಡ್ರಿಪ್ ಕೊಟ್ಟು ಹತ್ತು ವರ್ಷ ಕಾದು ನೋಡಿದರು. ಬೆನ್ನುಮೂಳೆಯ ಹೊಸ ಮುರಿತ ಔಷಧವಿಲ್ಲದವರಲ್ಲಿ ಶೇ. 11.1, ಒಂದು ಸಲ ಪಡೆದವರಲ್ಲಿ ಶೇ. 6.6, ಐದು ವರ್ಷದ ಅಂತರದಲ್ಲಿ ಎರಡು ಸಲ ಪಡೆದವರಲ್ಲಿ ಶೇ. 6.3. ವಾರವಾರ ಮಾತ್ರೆ, ತಿಂಗಳಿಗೊಮ್ಮೆ ಪಟ್ಟಣದ ಆಸ್ಪತ್ರೆಗೆ ಬಸ್ಸು ಎಂಬ ಕಷ್ಟವಿರುವ ನಮ್ಮ ಹಳ್ಳಿಗಳಿಗೆ ಇಂಥ ಚಿಕಿತ್ಸೆಯ ಅರ್ಥ ಎಷ್ಟು ದೊಡ್ಡದು ಎಂದು ಆಲೋಚಿಸಿ.

ಈ ಔಷಧಗಳ ಅಪಾಯಗಳನ್ನು ಮುಚ್ಚಿಡುವುದಿಲ್ಲ. ಬಹಳ ಅಪರೂಪವಾಗಿ ಹಲ್ಲು ಕೀಳಿಸಿದ ಜಾಗದಲ್ಲಿ ದವಡೆಯ ಮೂಳೆ ವಾಸಿಯಾಗದೆ ಉಳಿಯುತ್ತದೆ, ಹಾಗಾಗಿ ಹಲ್ಲಿನ ಕೆಲಸ ಮೊದಲೇ ಮುಗಿಸಿಕೊಳ್ಳುವುದು ಮೇಲು. ಹಲವು ವರ್ಷ ಬಳಸಿದವರಲ್ಲಿ ತೊಡೆಯ ಮೂಳೆ ನಡುಭಾಗದಲ್ಲಿ ವಿಚಿತ್ರವಾಗಿ ಬಿರಿಯಬಹುದು, ಅದಕ್ಕೆ ಮುನ್ಸೂಚನೆ ತೊಡೆಯ ನೋವು. ಏಷ್ಯಾ ಮೂಲದ ಹೆಂಗಸರಲ್ಲಿ ಇದು ಹೆಚ್ಚು. ಅಮೆರಿಕದ 2020ರ ಒಂದು ಅಧ್ಯಯನದ ಲೆಕ್ಕದಲ್ಲಿ, ಏಷ್ಯಾ ಮೂಲದ ಹತ್ತು ಸಾವಿರ ಹೆಂಗಸರು ಮೂರು ವರ್ಷ ಬಳಸಿದರೆ ತಪ್ಪುವ ಸೊಂಟದ ಮುರಿತ 91, ತೊಡೆಯ ಇಂಥ ಬಿರುಕು 8. ಲಾಭವೇ ದೊಡ್ಡದು, ಆದರೆ ಎಂಟನ್ನು ಸೊನ್ನೆ ಎನ್ನುವಂತಿಲ್ಲ. ಈ ಕಾರಣಕ್ಕೇ ಮಾತ್ರೆಯಾದರೆ ಐದು ವರ್ಷಕ್ಕೆ, ಡ್ರಿಪ್ ಆದರೆ ಮೂರು ವರ್ಷಕ್ಕೆ ಮರುಪರಿಶೀಲನೆ ಮಾಡಿ, ಅಪಾಯ ಕಡಿಮೆಯಿರುವವರಿಗೆ ವಿರಾಮ ಕೊಡುತ್ತೇವೆ.

ಡೆನೊಸುಮ್ಯಾಬ್ ವಿಚಾರದಲ್ಲಿ ಇಂಥ ವಿರಾಮ ಸಲ್ಲದು. ಆರು ತಿಂಗಳಿಗೊಮ್ಮೆ ಚರ್ಮದಡಿ ಚುಚ್ಚುವ ಈ ಔಷಧ 2009ರ ಫ್ರೀಡಂ ಪರೀಕ್ಷೆಯಲ್ಲಿ ಸೊಂಟದ ಮುರಿತವನ್ನು ಶೇ. 40ರಷ್ಟು, ಬೆನ್ನುಮೂಳೆಯದನ್ನು ಶೇ. 68ರಷ್ಟು ತಗ್ಗಿಸಿತು. ಆದರೆ ಇದು ಮೂಳೆಯಲ್ಲಿ ಉಳಿಯುವುದಿಲ್ಲ. ನಿಲ್ಲಿಸಿದರೆ, ತುಂಬಿದ ಕೆರೆಯ ತೂಬು ಕಿತ್ತ ಹಾಗೆ, ತಡೆಹಿಡಿದಿದ್ದ ಸವೆತವೆಲ್ಲ ಒಮ್ಮೆಗೇ ನುಗ್ಗುತ್ತದೆ. ಕೆಲವರಲ್ಲಿ ಒಂದಾದ ಮೇಲೊಂದು ಬೆನ್ನುಮೂಳೆ ಕುಸಿಯುತ್ತದೆ. ಮುಂದಿನ ಸೂಜಿಗೆ ದುಡ್ಡಿಲ್ಲವೆಂದೋ ಮಗನ ಊರಿಗೆ ಹೋಗಿದ್ದೆವೆಂದೋ ಇದನ್ನು ಮುಂದೂಡುವಂತಿಲ್ಲ. ನಿಲ್ಲಿಸಲೇಬೇಕಾದರೆ ಬೇರೆ ಔಷಧಕ್ಕೆ ದಾಟಿಸಿ ನಿಲ್ಲಿಸಬೇಕು. ಶುರುಮಾಡುವ ದಿನವೇ ಇದನ್ನು ಮನೆಯವರಿಗೆ ಹೇಳದ ವೈದ್ಯರು ಇದನ್ನು ಬರೆಯಬಾರದು ಎಂಬಷ್ಟು ಖಚಿತವಾಗಿ ನಾನು ಹೇಳಬಲ್ಲೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ರಾಲೊಕ್ಸಿಫೀನ್ ಬೆನ್ನುಮೂಳೆಯನ್ನು ಕಾಯುತ್ತದೆ, ಸೊಂಟವನ್ನು ಕಾಯುವುದಕ್ಕೆ ಪುರಾವೆಯಿಲ್ಲ. ಟೆರಿಪ್ಯಾರಟೈಡ್ ದಿನವೂ ಚುಚ್ಚಿಕೊಳ್ಳುವ, ಹೊಸ ಮೂಳೆ ಕಟ್ಟಿಸುವ ಔಷಧ, ಬೆನ್ನುಮೂಳೆ ಕುಸಿದು ಕೂತವರಿಗೆ ಒಳ್ಳೆಯದು. ರೊಮೊಸೊಜುಮ್ಯಾಬ್ ಎಂಬುದು ದಕ್ಷಿಣ ಆಫ್ರಿಕಾದ ಕೆಲವು ಕುಟುಂಬಗಳಲ್ಲಿ ಕಂಡ, ಮೂಳೆ ಮಿತಿಮೀರಿ ಬೆಳೆಯುವ ಒಂದು ಅಪರೂಪದ ಕಾಯಿಲೆಯ ಅಧ್ಯಯನದಿಂದ ಬಂದದ್ದು. ಒಂದು ವರ್ಷ, ತಿಂಗಳಿಗೊಮ್ಮೆ. ಹೃದಯಾಘಾತ, ಪಾರ್ಶ್ವವಾಯು ಆದವರಿಗೆ ಎಚ್ಚರಿಕೆ ಬೇಕು, ಬೆಲೆಯೂ ದುಬಾರಿ. ಮೂಳೆ ಕಟ್ಟುವ ಈ ಎರಡನ್ನೂ ಮುಗಿಸಿದ ಮೇಲೆ ಸವೆತ ತಡೆಯುವ ಔಷಧವನ್ನು ಮುಂದುವರಿಸದಿದ್ದರೆ ಗಳಿಸಿದ್ದು ಉಳಿಯುವುದಿಲ್ಲ.

ವ್ಯಾಯಾಮವೂ ಚಿಕಿತ್ಸೆಯೇ. ಆಸ್ಟ್ರೇಲಿಯಾದ ಲಿಫ್ಟ್‌ಮೋರ್ ಅಧ್ಯಯನದಲ್ಲಿ ಮೂಳೆ ತೆಳುವಾಗಿದ್ದ 101 ಹೆಂಗಸರಲ್ಲಿ ಒಂದು ಗುಂಪು ವಾರಕ್ಕೆರಡು ಸಲ, ಅರ್ಧ ಗಂಟೆ, ತರಬೇತುದಾರರ ಕಣ್ಗಾವಲಿನಲ್ಲಿ ಭಾರ ಎತ್ತಿತು. ಎಂಟು ತಿಂಗಳಿಗೆ ಅವರ ಬೆನ್ನುಮೂಳೆಯ ಸಾಂದ್ರತೆ ಶೇ. 2.9 ಏರಿತು, ಹಗುರ ವ್ಯಾಯಾಮ ಮಾಡಿದವರದ್ದು ಶೇ. 1.2 ಇಳಿಯಿತು. ಬೆನ್ನುಮೂಳೆ ಈಗಾಗಲೇ ಕುಸಿದಿರುವವರು ಇದನ್ನು ಕೇಳಿ ತಾವಾಗಿ ಭಾರ ಎತ್ತಬಾರದು, ಮುಂದಕ್ಕೆ ಬಾಗುವ ಆಸನಗಳನ್ನೂ ಮಾಡಬಾರದು. ಇದರ ಜೊತೆಗೆ ಬಚ್ಚಲಿನಲ್ಲಿ ಒಂದು ಹಿಡಿಕೆ, ರಾತ್ರಿ ಒಂದು ಮಂದ ದೀಪ, ಕಣ್ಣಿನ ಪೊರೆಗೆ ಶಸ್ತ್ರಚಿಕಿತ್ಸೆ, ನಿದ್ದೆ ಮಾತ್ರೆಯ ಮೇಲೆ ಹತೋಟಿ. ಬೀಳದಿದ್ದರೆ ಮುರಿಯುವ ಸಂದರ್ಭವೂ ಕಡಿಮೆ.

ಮೂಳೆಯ ತಪಾಸಣೆಯ ಬಗ್ಗೆಯೂ ಒಂದು ಮಾತು. ಉಚಿತ ಶಿಬಿರಗಳಲ್ಲಿ ಹಿಮ್ಮಡಿಯನ್ನು ಯಂತ್ರದಲ್ಲಿಟ್ಟು ಕೊಡುವ ಚೀಟಿ ಒಂದು ಸುಳಿವು, ಅಷ್ಟೇ. ನಿರ್ಧಾರಕ್ಕೆ ಬೇಕಾದದ್ದು ಸೊಂಟ ಮತ್ತು ಬೆನ್ನುಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್. ಆರೋಗ್ಯವಂತ ಯುವತಿಯರ ಮೂಳೆಗೆ ಹೋಲಿಸಿ ಅದು ಕೊಡುವ ಅಂಕಿ, ಅಂದರೆ ಟಿ ಸ್ಕೋರ್, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್ ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 1994ರಲ್ಲಿ ಗೆರೆ ಎಳೆದರು. ಆದರೆ ನಿಂತಲ್ಲಿಂದ ಬಿದ್ದು ಬೆನ್ನುಮೂಳೆಯೋ ಸೊಂಟವೋ ಮುರಿದಿದ್ದರೆ ಯಂತ್ರಕ್ಕಾಗಿ ಕಾಯಬೇಕಾಗಿಲ್ಲ, ಮುರಿತವೇ ಉತ್ತರ ಹೇಳಿದೆ. ಹತ್ತಿರದಲ್ಲಿ ಡೆಕ್ಸಾ ಇಲ್ಲ ಎಂಬುದು ಚಿಕಿತ್ಸೆ ಕೊಡದಿರಲು ಕಾರಣವಾಗಬಾರದು.

ಹಾಗಾದರೆ ಚಿಕಿತ್ಸೆಯನ್ನು ಬೇಕಾದವರಿಗೆ ತಲುಪಿಸುವುದು ಹೇಗೆ? ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ 1999ರಲ್ಲಿ ಒಂದು ಸರಳ ಏರ್ಪಾಡು ಶುರುವಾಯಿತು. ಐವತ್ತು ದಾಟಿದವರು ಯಾವ ಮುರಿತದಿಂದ ಬಂದರೂ ಒಬ್ಬ ನರ್ಸ್ ಅವರ ಹೆಸರು ಬರೆದುಕೊಂಡು, ಮೂಳೆಯ ಪರೀಕ್ಷೆ ಮಾಡಿಸಿ, ಔಷಧ ಶುರುವಾಗುವಂತೆ ನೋಡಿಕೊಳ್ಳುತ್ತಿದ್ದರು. ಈಗ ಅದು ಅನೇಕ ದೇಶಗಳಿಗೆ ಹರಡಿದೆ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಒಂದು ರಿಜಿಸ್ಟರು, ಒಂದು ಫೋನು, ತರಬೇತಿ ಪಡೆದ ಒಬ್ಬ ಶುಶ್ರೂಷಕಿ ಸಾಕು. ನಮ್ಮ ಪ್ರತಿ ಜಿಲ್ಲಾಸ್ಪತ್ರೆಯ ಮೂಳೆ ವಿಭಾಗದಲ್ಲಿ ಇದು ಆಗಬೇಕು ಎಂದು ಈ ವೇದಿಕೆಯಿಂದ ಸರ್ಕಾರವನ್ನು ಕೇಳುತ್ತೇನೆ.

ಅಲ್ಲಿಯವರೆಗೆ ಆ ಕೆಲಸ ನಿಮ್ಮದು. ನಿಮ್ಮ ಅಮ್ಮ, ಅತ್ತೆ, ದೊಡ್ಡಮ್ಮ, ಅಕ್ಕ, ಯಾರೇ ಆಗಲಿ, ಐವತ್ತು ದಾಟಿದವರು ಸಣ್ಣ ಪೆಟ್ಟಿಗೆ ಮೂಳೆ ಮುರಿದುಕೊಂಡಿದ್ದರೆ, ಪ್ಲಾಸ್ಟರ್ ಬಿಚ್ಚುವ ದಿನ ಅವರ ಜೊತೆ ಹೋಗಿ. ‘ಡಾಕ್ಟ್ರೇ, ಕೈ ಕೂಡಿತು. ಇಷ್ಟಕ್ಕೇ ಮುರಿದದ್ದೇಕೆ? ಇನ್ನೊಂದು ಮೂಳೆ ಮುರಿಯದ ಹಾಗೆ ಯಾವ ಔಷಧ ಕೊಡುತ್ತೀರಿ?’ ಎಂದು ಕೇಳಿ. ಉತ್ತರ ಸಿಗುವವರೆಗೆ ಕುರ್ಚಿಯಿಂದ ಏಳಬೇಡಿ.